ಸಭೆಗೆ ಬರಲಾಗದ ಅಜ್ಜಿಯ ಮಾತು

(ಶಿರಸಿಯಲ್ಲಿ ಆರೋಗ್ಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಹಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣಕ್ಕೆ ಬರುವಾಗ ನಾವೆಲ್ಲ ಒಂಬತ್ತು ಮೆಟ್ಟಿಲು ಹತ್ತಿ ಬಂದೆವು. ನಾನು ಎಣಿಸಿಕೊಂಡೇ ಹತ್ತಿದೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ. ಇವತ್ತು ನಾವು ಮಾತಾಡಬೇಕಾದದ್ದು ತ್ರಾಣ ಕುಗ್ಗಿದ ಹಿರಿಯರ ಬಗ್ಗೆ. ಆದರೆ ಆ ಹಿರಿಯರಲ್ಲಿ ಒಬ್ಬರೂ ಇಲ್ಲಿಲ್ಲ. ಅವರು ಮನೆಯಲ್ಲಿದ್ದಾರೆ. ಹುಲೇಕಲ್ ಕಡೆಯ ಯಾವುದೋ ತೋಟದ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ಅಘನಾಶಿನಿಯ ದಂಡೆಯ ಯಾವುದೋ ಕೇರಿಯಲ್ಲಿ ಮಂಚದ ಮೇಲೆ ಮಲಗಿದ್ದಾರೆ. ಅವರಿಗೆ ಈ ಸಭೆಯ ಸುದ್ದಿಯೂ ಗೊತ್ತಿಲ್ಲ.

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಮೊದಲು ಕರಾವಳಿಯಲ್ಲಿ, ಆಮೇಲೆ ಘಟ್ಟದ ಮೇಲೆ. ಹಿರಿಯರ ಅಭಿಪ್ರಾಯ ಕೇಳುವ ಸಭೆಗಳಿಗೂ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ಬರುವವರು ನಿವೃತ್ತ ಮಾಸ್ತರರು, ಬ್ಯಾಂಕಿನಲ್ಲಿದ್ದವರು, ಬೆಳಿಗ್ಗೆ ಎದ್ದು ಎರಡು ಮೈಲಿ ನಡೆಯುವವರು. ಅವರ ಮಾತು ಬೇಕು, ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಆಸ್ಪತ್ರೆಯ ಕಕ್ಕಸಿನಲ್ಲಿ ಕೂತವರು ಮೇಲೆ ಏಳಲಾಗದೆ, ಯಾರನ್ನು ಕೂಗಬೇಕು ಅಂತಲೂ ತಿಳಿಯದೆ ಹತ್ತು ನಿಮಿಷ ಹಾಗೇ ಕೂತಿರುವುದು ಹೇಗಿರುತ್ತದೆ? ಅದು ಅವರಿಗೆ ಇನ್ನೂ ಗೊತ್ತಿಲ್ಲ. ಗೊತ್ತಿರುವವರು ಸಭೆಗೆ ಬರುವ ಸ್ಥಿತಿಯಲ್ಲಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಆಸ್ಪತ್ರೆ ಸುಧಾರಿಸಬೇಕಾದರೆ ಅವರನ್ನೇ ಕೇಳಬೇಕು, ಕೇಳಲು ನಾವೇ ಅವರ ಮನೆಗೆ ಹೋಗಬೇಕು.

ತ್ರಾಣ ಕುಗ್ಗುವುದು ಅಂದ್ರೆ ಏನು ಅಂತ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ಬರೀ ವಯಸ್ಸಾಗುವುದು ಬೇರೆ, ಇದು ಬೇರೆ. ನಮ್ಮ ಅಂಕೋಲೆಯ ತುಳಸಿ ಗೌಡ ಅವರನ್ನು ನೆನಪಿಸಿಕೊಳ್ಳಿ. 2021ರಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡರು. ಅಷ್ಟು ವಯಸ್ಸಾಗಿದ್ದರೂ ಗಿಡ ನೆಡುವುದನ್ನು ಬಿಟ್ಟಿರಲಿಲ್ಲ. ಇನ್ನು ಕೆಲವರಿಗೆ ಅರವತ್ತೈದಕ್ಕೇ ಮೈಯಲ್ಲಿ ಕಸುವು ಇರುವುದಿಲ್ಲ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು ಇದಕ್ಕೆ ಐದು ಗುರುತು ಕೊಟ್ಟರು. ತಾನಾಗಿ ತೂಕ ಇಳಿಯುವುದು, ಯಾವಾಗಲೂ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಮ್ಮಿಯಾಗುವುದು. ಇವುಗಳಲ್ಲಿ ಮೂರು ಅಥವಾ ಜಾಸ್ತಿ ಇದ್ದರೆ ಆ ಮನುಷ್ಯ ಕುಗ್ಗಿದ್ದಾನೆ ಎಂದು ಲೆಕ್ಕ. ಒಂದೆರಡು ಇದ್ದರೆ ಆ ದಾರಿಯಲ್ಲಿದ್ದಾನೆ ಎಂದು. ನಮ್ಮ ಅಜ್ಜಿಯಂದಿರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಸೀರೆ ಉಟ್ಟರೆ ನಿಲ್ಲೋದಿಲ್ಲ, ಜಾರ್ತದೆ. ಒದ್ದೆ ಬಟ್ಟೆ ಹಿಂಡೋಕೆ ಆಗೋದಿಲ್ಲ. ಅಡಕತ್ತರಿ ಒತ್ತಿದರೆ ಅಡಿಕೆ ತುಂಡಾಗೋದಿಲ್ಲ. ಹೀಗೆ ಹೇಳಿದ ಅಜ್ಜಿಯರನ್ನು ‘ವಯಸ್ಸಾಯ್ತಲ್ಲ ಅಮ್ಮ’ ಎಂದು ನಾನೇ ಎಷ್ಟೋ ಸಲ ಕಳಿಸಿದ್ದೇನೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಇಂಥವರ ದೇಹಕ್ಕೆ ಸಣ್ಣ ಪೆಟ್ಟೂ ದೊಡ್ಡದೇ. ನಮಗೆ ಎರಡು ದಿನದ ಜ್ವರ, ಮೂರನೇ ದಿನ ಕೆಲಸ. ಅವರಿಗೆ ಅದೇ ಜ್ವರ ಬಂದರೆ ಹಾಸಿಗೆ, ಹಾಸಿಗೆಯಿಂದ ಏಳುವಾಗ ಬೀಳುವುದು, ಸೊಂಟದ ಮೂಳೆ, ಆಮೇಲೆ ಮನೆಯ ಮೂಲೆ. ಹಾಗಾಗಿ ಆಸ್ಪತ್ರೆಯಲ್ಲಿ ಒಂದು ಕುರ್ಚಿ ಎಲ್ಲಿದೆ, ನೀರು ಎಲ್ಲಿದೆ ಎನ್ನುವುದು ನಮಗೆ ಅನುಕೂಲದ ಮಾತಾದರೆ ಅವರಿಗೆ ಚಿಕಿತ್ಸೆಯ ಮಾತು.

ಒಂದು ದಿನದ ಕಥೆ ಹೇಳುತ್ತೇನೆ. ನಿವೃತ್ತಿಯಾದ ಮೇಲೆ, ಶಿರಸಿ ತಾಲೂಕಿನ ಒಂದು ಹಳ್ಳಿಯ ಅಜ್ಜಿಯನ್ನು ಕೇಳಿಕೊಂಡೆ. ‘ನೀವು ಆಸ್ಪತ್ರೆಗೆ ಹೋಗುವ ದಿನ ನಾನೂ ನಿಮ್ಮ ಜೊತೆ ಬರಲಾ? ಸುಮ್ನೆ ನೋಡೋಕೆ’ ಎಂದೆ. ಅವರಿಗೆ 78 ವರ್ಷ. ಶುಗರ್ ಇದೆ, ಹೃದಯದ ತೊಂದರೆ ಇದೆ, ಕಾಲು ಊದುತ್ತದೆ. ‘ಬಾ ತಂಗಿ, ಮಾತಿಗಾದರೂ ಜನ ಆಯ್ತು’ ಎಂದರು.

ಬೆಳಿಗ್ಗೆ ಐದೂವರೆಗೆ ಅವರ ಮನೆಯಲ್ಲಿದ್ದೆ. ರಕ್ತ ಪರೀಕ್ಷೆ ಇದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರಂತೆ. ಹಾಗಾಗಿ ಚಾ ಕೂಡ ಕುಡಿದಿರಲಿಲ್ಲ. ಮನೆಯಿಂದ ರಸ್ತೆಗೆ ಬರಲು ತೋಟ ದಾಟಬೇಕು, ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ದಬ್ಬೆಯ ಕಾಲುಸಂಕ. ಮಳೆಗಾಲದಲ್ಲಿ ಈ ಸಂಕದ ಮೇಲೆ ನಾನೇ ನಡೆಯಲು ಹೆದರುತ್ತೇನೆ. ಅಜ್ಜಿ ಅಡ್ಡಡ್ಡ ಹೆಜ್ಜೆ ಹಾಕಿ ದಾಟಿದರು. ಆಮೇಲೆ ಬಸ್ಸು. ಈಗ ಹೆಂಗಸರಿಗೆ ಟಿಕೆಟ್ ಇಲ್ಲ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಅಜ್ಜಿಯ ಮಂಡಿಯ ಎತ್ತರಕ್ಕಿದೆ. ಕಂಡಕ್ಟರ್ ಒಳ್ಳೆಯವನು, ಕೈ ಹಿಡಿದು ಎಳೆದುಕೊಂಡ. ‘ಪ್ರತಿ ಸಲ ಇವನೇ ಇರೋದಿಲ್ಲ’ ಎಂದರು ಅಜ್ಜಿ.

ಆಸ್ಪತ್ರೆ ತಲುಪಿದಾಗ ಎಂಟು. ಚೀಟಿ ಮಾಡಿಸಲು ಒಂದು ಸಾಲು. ಲ್ಯಾಬಿಗೆ ಇನ್ನೊಂದು. ರಕ್ತ ಕೊಟ್ಟಾಗ ಹತ್ತು ಗಂಟೆ ಹತ್ತು ನಿಮಿಷ. ರಾತ್ರಿ ಎಂಟಕ್ಕೆ ಗಂಜಿ ಉಂಡವರು ಹದಿನಾಲ್ಕು ತಾಸು ಹೊಟ್ಟೆಗೆ ಏನೂ ಇಲ್ಲದೆ ಕೂತಿದ್ದರು. ಕೈ ನಡುಗುತ್ತಿತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಿಗೆ ಸಕ್ಕರೆ ಏರುವುದಕ್ಕಿಂತ ಪಕ್ಕನೆ ಇಳಿಯುವುದೇ ಜಾಸ್ತಿ ಅಪಾಯ. ಅದು ನನಗೆ ಗೊತ್ತು, ಲ್ಯಾಬಿನ ಹುಡುಗಿಗೂ ಗೊತ್ತು. ಆದರೆ ಸಾಲಿನಲ್ಲಿ ಕೂತವರಲ್ಲಿ ಯಾರು ಖಾಲಿ ಹೊಟ್ಟೆಯಲ್ಲಿದ್ದಾರೆ ಅಂತ ಕೇಳುವ ಕ್ರಮವೇ ಅಲ್ಲಿರಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಯೇ ಇಲ್ಲ. ಅದನ್ನು ಮಾಡಿದ್ದರೆ ಇವರು ಉಂಡೇ ಬರಬಹುದಿತ್ತು.

ಆಮೇಲೆ ನನಗೆ ಒಂದು ವಿಷಯ ಗಮನಕ್ಕೆ ಬಂತು. ಅಜ್ಜಿ ನೀರೂ ಕುಡಿಯುತ್ತಿಲ್ಲ. ಖಾಲಿ ಹೊಟ್ಟೆಯ ಪರೀಕ್ಷೆಗೆ ನೀರು ಕುಡಿಯಬಹುದು, ರಕ್ತ ಕೊಟ್ಟಾದ ಮೇಲಂತೂ ಯಾವ ತಡೆಯೂ ಇಲ್ಲ. ಬಾಟಲಿ ಕೊಟ್ಟೆ. ಬೇಡ ಎಂದರು. ಎರಡು ಸಲ ಕೇಳಿದೆ. ಮೂರನೇ ಸಲ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ‘ನೀರು ಕುಡಿದ್ರೆ ಹೋಗಬೇಕಾಗ್ತದೆ. ಇಲ್ಲಿ ಎಲ್ಲಿ ಹೋಗೋದು? ಅದು ಆ ತುದಿಯಲ್ಲಿದೆ. ಬೀಗ ಹಾಕಿರ್ತಾರೆ. ಬೀಗ ತೆಗೆಸಿದ್ರೂ ಕೂತ್ರೆ ನಂಗೆ ಏಳೋಕಾಗೋದಿಲ್ಲ.’ ಇನ್ನೂ ಒಂದು ಮಾತು ಹೇಳಿದರು. ಮನೆ ಬಿಟ್ಟು ಹೊರಡುವ ದಿನವೆಲ್ಲ ಅವರು ನೀರಿನ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಅದೇ, ಮೈಯಲ್ಲಿ ತುಂಬಿದ ನೀರು ಮೂತ್ರದಲ್ಲಿ ಇಳಿಸುವ ಮಾತ್ರೆ. ಆಸ್ಪತ್ರೆಗೆ ಬರುವ ದಿನ ಇಲ್ಲ, ಬ್ಯಾಂಕಿಗೆ ಹೋಗುವ ದಿನ ಇಲ್ಲ, ಮದುವೆ ಮುಂಜಿಗೆ ಹೋಗುವ ದಿನ ಇಲ್ಲ.

ಈಗ ಡಾಕ್ಟರ ಕೋಣೆಗೆ ಬನ್ನಿ. ಡಾಕ್ಟರು ಕಾಲು ಒತ್ತಿ ನೋಡಿದರು. ಬಾವು ಇತ್ತು. ಹಿಂದಿನ ಸಲವೂ ಇತ್ತು. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’ ಎಂದರು. ‘ತಗೊಳ್ತೇನೆ’ ಎಂದರು ಅಜ್ಜಿ. ಡಾಕ್ಟರು ಡೋಸ್ ಜಾಸ್ತಿ ಮಾಡಲು ಪೆನ್ನು ತೆಗೆದರು. ಆಗ ನಾನು ಬಾಯಿ ಬಿಡಬೇಕಾಯಿತು. ಸ್ವಲ್ಪ ಯೋಚನೆ ಮಾಡಿ. ನಾನು ಅಲ್ಲಿಲ್ಲದಿದ್ದರೆ? ಡೋಸ್ ಏರುತ್ತಿತ್ತು. ಮನೆಯಲ್ಲಿದ್ದ ದಿನ ಅಜ್ಜಿ ಆ ಜಾಸ್ತಿ ಡೋಸ್ ಪೂರ್ತಿ ತೆಗೆದುಕೊಳ್ಳುತ್ತಿದ್ದರು. ಬಿಪಿ ಇಳಿದು, ಎದ್ದು ನಿಂತಾಗ ತಲೆ ತಿರುಗಿ, ಕಾಲುಸಂಕದ ಮೇಲೋ ಬಚ್ಚಲಲ್ಲೋ ಬೀಳುತ್ತಿದ್ದರು. ಕೇಸ್ ಪೇಪರಿನಲ್ಲಿ ‘ಆಕಸ್ಮಿಕವಾಗಿ ಬಿದ್ದದ್ದು’ ಎಂದು ಬರೆಯುತ್ತಿದ್ದರು. ಆ ಬೀಳುವಿಕೆಯ ಮೂಲ ಕಾರಣ ಒಂದು ಬೀಗ. ಈ ವಿಷಯ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಡಾಕ್ಟರ ತಪ್ಪೂ ಅಲ್ಲ, ಅವರ ಮುಂದೆ ಇನ್ನೂ ಅರವತ್ತು ಜನ ಕೂತಿದ್ದರು. ಅದು ಆ ಅಜ್ಜಿಯೊಬ್ಬರಿಗೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಕೇಳಿರಲಿಲ್ಲ ಅಂದೆ. ಆದರೆ ಕೇಳಿದ್ದರೂ ಹೇಳುತ್ತಿದ್ದರಾ? ‘ಆಸ್ಪತ್ರೆ ಹೇಗಿದೆ ಅಜ್ಜಿ’ ಎಂದು ಕೇಳಿ ನೋಡಿ. ‘ಎಲ್ಲ ಚೊಲೋ ಇದ್ದು, ಎಂತದೂ ತೊಂದರೆ ಇಲ್ಲೆ’ ಎನ್ನುತ್ತಾರೆ. ನಮ್ಮ ಕಡೆಯ ಜನ ಹಾಗೆ. ಮನೆಗೆ ಬಂದವರ ಮುಂದೆ ದೂರು ಹೇಳುವುದಿಲ್ಲ. ಜೊತೆಗೆ ಒಂದು ಹೆದರಿಕೆಯೂ ಇದೆ. ಏನಾದರೂ ಅಂದರೆ ನಾಳೆ ಔಷಧಿ ಕೊಡುವಾಗ ಮುಖ ಸಿಂಡರಿಸಿಯಾರು ಎಂದು. ಹಾಗಾಗಿ ಅಭಿಪ್ರಾಯ ಕೇಳಬಾರದು, ದಿನದ ಕಥೆ ಕೇಳಬೇಕು. ‘ಕಳೆದ ಸಲ ಆಸ್ಪತ್ರೆಗೆ ಹೋದ ದಿನ ಎಷ್ಟೊತ್ತಿಗೆ ಎದ್ದಿರಿ? ಯಾರು ಜೊತೆ ಬಂದರು? ಎಲ್ಲಿ ಕೂತಿರಿ? ಊಟ ಎಲ್ಲಿ ಮಾಡಿದಿರಿ?’ ಇಷ್ಟು ಕೇಳಿ ಸುಮ್ಮನಿರಿ. ಕವಳದ ಬಟ್ಟಲು ಹತ್ತಿರ ಎಳೆದುಕೊಂಡು, ಎಲೆಗೆ ಸುಣ್ಣ ಸವರುತ್ತಾ ಅವರೇ ಶುರು ಮಾಡುತ್ತಾರೆ. ಎಲೆ ಮಡಚುವ ಹೊತ್ತಿಗೆ ನಿಜ ವಿಷಯ ಬರುತ್ತದೆ. ನಡುವೆ ಬಾಯಿ ಹಾಕಬಾರದು. ನಮ್ಮಂಥ ನರ್ಸುಗಳಿಗೆ ಅದೇ ಕಷ್ಟ, ತಕ್ಷಣ ಬುದ್ಧಿವಾದ ಹೇಳಲು ನಾಲಿಗೆ ತುರಿಸುತ್ತದೆ.

ಐದಾರು ಜನ ಫೈಲು ಹಿಡಿದು ಹೋಗಬೇಡಿ. ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರಿಗೆ ಔಷಧಿ ಕೊಡುವವರೇ ಕೇಳಲು ಹೋಗದಿದ್ದರೆ ಒಳ್ಳೆಯದು. ಎದುರಿಗೆ, ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂತುಕೊಳ್ಳಿ. ಕಿವಿ ಮಂದ ಇದ್ದವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕೂಗಬೇಡಿ, ನಿಧಾನ ಮಾತಾಡಿ. ಟಿವಿ ಬಂದ್ ಮಾಡಿಸಿ. ಇಪ್ಪತ್ತು ನಿಮಿಷಕ್ಕೆ ಅವರು ಸುಸ್ತಾಗುತ್ತಾರೆ, ಆಗ ಎದ್ದು ಬನ್ನಿ, ಇನ್ನೊಂದು ದಿನ ಹೋಗಿ. ಮರೆವು ಶುರುವಾದವರನ್ನು ಬಿಟ್ಟುಬಿಡಬೇಡಿ. ಅವರ ಕೈಗೆ ಮಾತ್ರೆಯ ಕವರು ಕೊಡಿ, ಹೇಗೆ ಬಿಡಿಸುತ್ತಾರೆ ನೋಡಿ. ಬಾಯಲ್ಲಿ ಹೇಳಲಾಗದ್ದನ್ನು ಅವರ ಬೆರಳು ಹೇಳುತ್ತದೆ. ಹಾಗೆ ನೋಡಿಯೇ ನನಗೆ ಗೊತ್ತಾದದ್ದು, ಕುಮಟಾ ಕಡೆಯ ಒಬ್ಬ ಅಜ್ಜ ಬಿಪಿ ಮಾತ್ರೆ ಎರಡೆರಡು ನುಂಗುತ್ತಿದ್ದಾರೆ ಎಂದು. ಮೊದಲಿನದು ಬಿಳಿ ಬಣ್ಣದ್ದು. ಮುಂದಿನ ತಿಂಗಳು ಬೇರೆ ಕಂಪನಿಯದು ಬಂತು, ಗುಲಾಬಿ ಬಣ್ಣ. ಅವರ ಪಾಲಿಗೆ ಅದು ಹೊಸ ಮಾತ್ರೆ. ಬಿಳಿಯದು ಇನ್ನೂ ಉಳಿದಿತ್ತು, ಅದನ್ನೂ ನುಂಗಿದರು. ಬಣ್ಣ ಬದಲಾದ ದಿನ ಕೌಂಟರಿನಲ್ಲಿ ‘ಇದು ಅದೇ ಮಾತ್ರೆ, ಹಳೆಯದು ಇದ್ದರೆ ಅದು ಮುಗಿದ ಮೇಲೆ ಇದು’ ಅಂತ ಒಂದು ಮಾತು ಹೇಳಿದ್ದರೆ ಆಗಿತ್ತು.

ಮನೆಯವರ ಮಾತನ್ನೇ ಹಿರಿಯರ ಮಾತು ಎಂದುಕೊಳ್ಳುವುದು ಇನ್ನೊಂದು ತಪ್ಪು. ಸೊಸೆ, ಮಗ ಪಡುವ ಪಾಡು ನನಗೆ ಗೊತ್ತು. ಅದನ್ನೂ ಕೇಳಬೇಕು, ಆದರೆ ಬೇರೆಯಾಗಿ ಕೇಳಬೇಕು. ಹೊನ್ನಾವರದ ಹತ್ತಿರ ಒಂದು ಮನೆಯಲ್ಲಿ ಮಗ ಹೇಳಿದ, ‘ಅಮ್ಮಂಗೆ ಆಸ್ಪತ್ರೆ ದೂರ ಆಗ್ತದೆ, ಅದಕ್ಕೆ ಬರೋದಿಲ್ಲ ಅಂತಾಳೆ.’ ಅವನು ಬಲೆ ಒಣಗಿಸಲು ಹೊರಗೆ ಹೋದ ಮೇಲೆ ಅಮ್ಮ ಹೇಳಿದರು, ‘ದೂರ ಎಂತದೂ ಅಲ್ಲ ಸಿಸ್ಟರೇ. ನಾ ಹೋದ್ರೆ ಅವ ಆ ದಿನ ಬೋಟಿಗೆ ಹೋಗೂದಿಲ್ಲ. ಒಂದು ದಿನದ ದುಡಿಮೆ ಹೋಗ್ತದೆ.’ ಮಗನ ಮಾತು ಕೇಳಿ ಹತ್ತಿರದಲ್ಲಿ ಕ್ಲಿನಿಕ್ ತೆರೆದರೂ ಆ ಅಮ್ಮ ಬರುತ್ತಿರಲಿಲ್ಲ. ಮೀನುಗಾರಿಕೆಗೆ ರಜೆ ಇರುವ ದಿನ, ಇಲ್ಲವೇ ಮಧ್ಯಾಹ್ನದ ಮೇಲೆ ಸಮಯ ಕೊಟ್ಟರೆ ಬರುತ್ತಾರೆ.

ನನ್ನ ಅಮ್ಮನ ವಿಷಯವನ್ನೂ ಹೇಳಬೇಕು. ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಜ್ವರ, ಕಫ ಅಂತ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಯಾವ ಆಸ್ಪತ್ರೆ ಅನ್ನುವುದು ಬೇಡ. ನಡೆದುಕೊಂಡೇ ಒಳಗೆ ಹೋದವರು. ಎಂಟನೇ ದಿನ ಜ್ವರ ಬಿಟ್ಟಿತ್ತು, ಎಕ್ಸ್‌ರೇ ಚೆನ್ನಾಗಿತ್ತು, ಡಿಸ್ಚಾರ್ಜ್ ಕೊಟ್ಟರು. ಅಮ್ಮನನ್ನು ಇಬ್ಬರು ಹಿಡಿದುಕೊಂಡು ಕಾರಿಗೆ ಕೂರಿಸಬೇಕಾಯಿತು. ಎಂಟು ದಿನ ಮಂಚದಿಂದ ಇಳಿಸಿರಲಿಲ್ಲ. ಬಿದ್ದರೆ ಯಾರು ಹೊಣೆ ಎಂಬ ಭಯ ಸಿಬ್ಬಂದಿಗೆ. ಬಚ್ಚಲಿಗೆ ಹೋಗುತ್ತೇನೆ ಅಂದರೆ ಪ್ಯಾನ್ ತಂದಿಡುತ್ತಿದ್ದರು. ನಾನು ನರ್ಸ್ ಆಗಿದ್ದೂ ಅದು ಸರಿ ಎಂದೇ ಕೂತಿದ್ದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಆರೋಗ್ಯವಾಗಿರುವ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇಟ್ಟು ನೋಡಿದರು. ಕಾಲುಗಳ ಮಾಂಸಖಂಡವೇ ಹೆಚ್ಚುಕಮ್ಮಿ ಒಂದು ಕಿಲೋ ಕರಗಿತ್ತು. ಕಾಯಿಲೆ ಇಲ್ಲದವರಿಗೇ ಅಷ್ಟು! ಅಮ್ಮ ಆಮೇಲೆ ಮನೆಯ ಹೊಸ್ತಿಲನ್ನು ತಾವಾಗಿ ದಾಟಲೇ ಇಲ್ಲ. ಒಂದು ದಿನ ಅವರೇ ಹೇಳಿದರು, ‘ದಿನಾ ಎರಡು ಸಲ ಕಿಟಕಿ ತನಕ ನಡೆಸಿದ್ರೆ ಸಾಕಿತ್ತು ಮಗಾ. ನಂಗೆ ಗೊತ್ತಿತ್ತು ಕಾಲು ಹೋಗ್ತಾ ಇದೆ ಅಂತ. ಯಾರೂ ಕೇಳಲಿಲ್ಲ.’ ಅವರನ್ನು ಕೇಳದವರಲ್ಲಿ ನಾನೂ ಒಬ್ಬಳು. ಈ ಕೆಲಸಕ್ಕೆ ನಾನು ಇಳಿದದ್ದು ಆ ಮಾತಿನಿಂದ.

ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಲೂಟನ್ ಮತ್ತು ಡನ್‌ಸ್ಟೇಬಲ್ ಆಸ್ಪತ್ರೆಯಲ್ಲಿ 2005ರ ಸುಮಾರಿಗೆ ತಲೆ-ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಜೊತೆ ಒಂದು ಕ್ರಮ ಶುರು ಮಾಡಿದರು. ರೋಗಿಗಳು ತಮ್ಮ ಕಥೆ ಹೇಳುವುದನ್ನು ವಿಡಿಯೊ ಮಾಡಿದರು. ಸಿಬ್ಬಂದಿಯ ಕಥೆಯನ್ನೂ ಕೇಳಿದರು. ಆಮೇಲೆ ಎರಡೂ ಕಡೆಯವರು ಒಟ್ಟಿಗೆ ಕೂತು, ಎಲ್ಲೆಲ್ಲಿ ಮನಸ್ಸಿಗೆ ನೋವಾಯಿತು, ಎಲ್ಲೆಲ್ಲಿ ಸಮಾಧಾನವಾಯಿತು ಎಂದು ಗುರುತು ಮಾಡಿ, ಏನು ಬದಲಿಸಬೇಕೆಂದು ಒಟ್ಟಿಗೇ ತೀರ್ಮಾನಿಸಿದರು. ನನಗೆ ಇದರಲ್ಲಿ ಇಷ್ಟವಾದದ್ದು ಆ ವಿಡಿಯೊ. ಕುಗ್ಗಿದ ಹಿರಿಯರು ಸಭೆಗೆ ಬರಲಾರರು, ಅವರ ದನಿ ಬರಬಹುದು. ಇವತ್ತು ಪ್ರತಿ ಆಶಾ ಕಾರ್ಯಕರ್ತೆಯ ಕೈಯಲ್ಲೂ ಫೋನಿದೆ. ಅಜ್ಜಿಯ ಒಪ್ಪಿಗೆ ಪಡೆದು ಐದು ನಿಮಿಷದ ಮಾತನ್ನು ರೆಕಾರ್ಡ್ ಮಾಡಿ, ಮುಖ ಬೇಡವೆಂದರೆ ದನಿ ಮಾತ್ರ, ಆಸ್ಪತ್ರೆಯ ಸಭೆಯಲ್ಲಿ ಕೇಳಿಸಬಹುದು. ವರದಿಯಲ್ಲಿ ‘ಶೌಚಾಲಯದ ಕೊರತೆ’ ಎಂದು ಓದುವುದಕ್ಕೂ, ‘ಬೀಗ ಹಾಕಿರ್ತಾರೆ’ ಅಂತ ಅವರ ಬಾಯಲ್ಲೇ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ನೋವು ಶಮನದ ಕ್ಲಿನಿಕ್ ಒಂದು ಶುರುವಾಯಿತು. ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು ಹಚ್ಚಿದ ದೀಪ ಅದು. ಕ್ಲಿನಿಕ್ಕಿಗೆ ಬರಲಾಗದವರೇ ಜಾಸ್ತಿ ಎಂದು ಅವರಿಗೆ ಬೇಗ ಅರ್ಥವಾಯಿತು. ಮುಂದೆ ಮಲಪ್ಪುರಂ ಕಡೆ ಊರಿನ ಜನರೇ ಸೇರಿ, ವಾರಕ್ಕೆ ಒಂದೆರಡು ತಾಸು ಕೊಟ್ಟು, ಹಾಸಿಗೆ ಹಿಡಿದವರ ಮನೆಗೆ ಹೋಗುವ ಜಾಲ ಕಟ್ಟಿದರು. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಿಂದ ಬಿಪಿ, ಶುಗರ್ ಔಷಧಿಯನ್ನು ಮನೆಗೇ ತಲುಪಿಸುವ ಯೋಜನೆ ಇದೆ. ಮನೆಗೆ ಹೋದ ಮೇಲೆ ಕೇಳುವುದು ತಾನಾಗಿ ಆಗುತ್ತದೆ, ಅಲ್ವಾ?

ನಮ್ಮಲ್ಲಿ ಕಾನೂನು ಇಲ್ಲ ಎಂದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು, ಆದಷ್ಟು ಮಟ್ಟಿಗೆ ಹಾಸಿಗೆ ಸಿಗಬೇಕು. 2010-11ರಿಂದ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಇದೆ. 14567 ಅಂತ ಸಹಾಯವಾಣಿ ಇದೆ, ದಯವಿಟ್ಟು ಬರೆದುಕೊಳ್ಳಿ. ಈ ಬೇರೆ ಸಾಲಿನ ಬಗ್ಗೆ ಒಬ್ಬ ಅಜ್ಜಿಯನ್ನು ಕೇಳಿದ್ದೆ. ‘ಸಾಲು ಬೇರೆ ಮಾಡಿದ್ದಾರೆ, ಹೌದು. ನಿಲ್ಲೋದು ಮಾತ್ರ ಅಲ್ಲೂ ನಿಂತೇ ಇರಬೇಕು’ ಎಂದರು. ಆ ಕಾಯ್ದೆ ಬರೆದವರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಸಾಲಿಗಿಂತ ಮೊದಲು ಕುರ್ಚಿ ಬೇಕು, ಅದಕ್ಕೆ ಕೈ ಊರಿ ಏಳಲು ತೋಳು ಬೇಕು ಎನ್ನುವುದು, ನಿಂತು ಕಾಲು ನಡುಗಿದವರಿಗೆ ಮಾತ್ರ ಹೊಳೆಯುವ ವಿಷಯ.

ಸಮಿತಿಗಳೂ ಇವೆ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ, ಹಳ್ಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ಹೊಸ ಸಮಿತಿ ಮಾಡುವುದು ಬೇಡ, ಇದ್ದವನ್ನೇ ಜಗಲಿಗೆ ಕರೆದುಕೊಂಡು ಹೋಗೋಣ. ವರ್ಷಕ್ಕೆ ಎರಡು ಸಲವಾದರೂ ಸಭೆಗೆ ಮೊದಲು ಸದಸ್ಯರು ಮೂರು ಮೂರು ಮನೆಗೆ ಹೋಗಿ, ಅಲ್ಲಿ ಕೇಳಿದ್ದನ್ನೇ ಸಭೆಯ ಮೊದಲ ವಿಷಯ ಮಾಡಲಿ. ಷೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಹೆಣ್ಣುಮಗಳು 1969ರಲ್ಲೇ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿಯ ಹೋಲಿಕೆ ಕೊಟ್ಟಳು. ಜನರನ್ನು ಕೇಳಿದ ಹಾಗೆ ಮಾಡಿ ತೀರ್ಮಾನ ತಾವೇ ಮಾಡಿಕೊಳ್ಳುವುದು ಆ ಏಣಿಯ ನಡುವಿನ ಮೆಟ್ಟಿಲು. ನಾವು ಹೆಚ್ಚಿನ ಕಡೆ ಅದಕ್ಕಿಂತಲೂ ಕೆಳಗಿದ್ದೇವೆ ಎಂದು ನನಗೆ ಅನಿಸುತ್ತದೆ.

ಯಾವ ಮೂರು ಮನೆ? ಇದು ಮುಖ್ಯ. ನಮಗೆ ಪರಿಚಯದ, ಚಾ ಸಿಗುವ ಮನೆಗಳಿಗೆ ಹೋಗಿ ಬಂದರೆ ಕೆಲಸ ಕೆಟ್ಟಿತು. ನಮ್ಮ ಉತ್ತರ ಕನ್ನಡ ಜಿಲ್ಲೆ ಒಂದೇ ಥರದ್ದಲ್ಲ. ಯಲ್ಲಾಪುರ, ಹಳಿಯಾಳದ ಕಾಡಿನಂಚಿನ ಸಿದ್ದಿ ಅಜ್ಜಿ, ಅಂಕೋಲೆಯ ಹಾಲಕ್ಕಿ ಕೊಪ್ಪದ ಅಜ್ಜಿ, ಜೊಯ್ಡಾದ ಕುಣಬಿ ಅಜ್ಜ, ಭಟ್ಕಳದ ನವಾಯತಿ ಮಾತಾಡುವ ಅಜ್ಜಿ, ಕಾರವಾರದ ಖಾರ್ವಿ ಕೇರಿಯಲ್ಲಿ ಕೊಂಕಣಿ ಬಿಟ್ಟು ಬೇರೆ ಬಾರದ ಮುದುಕಿ. ಇವರೆಲ್ಲರ ಆಸ್ಪತ್ರೆಯ ದಿನ ಒಂದೇ ಥರ ಇರುವುದಿಲ್ಲ. ಅವರ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. ಅವರ ಹಾಡು ಬೇಕಾದಾಗ ಸಂಗ್ರಹ ಮಾಡುವವರು ಅವರ ಅಂಗಳಕ್ಕೇ ಹೋಗಿ ಕೂತರು. ಅದೇ ಸುಕ್ರಜ್ಜಿ ಊರಿನ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. 2017ರಲ್ಲಿ ಪದ್ಮಶ್ರೀ ಬಂತು. ಊರು ಸುಧಾರಿಸುವ ದಾರಿ ಹಿರಿಯರಿಗೆ ಗೊತ್ತಿರುತ್ತದೆ ಎಂದು ಈ ಜಿಲ್ಲೆಗೆ ಬೇರೆಯವರು ಬಂದು ಹೇಳಬೇಕಾಗಿಲ್ಲ. ಹಾಡಿಗೆ ಅಂಗಳಕ್ಕೆ ಹೋದ ನಾವು ಆರೋಗ್ಯದ ಮಾತಿಗೂ ಹೋಗಬಹುದಲ್ಲ.

ಡಾಕ್ಟರುಗಳು ನನ್ನನ್ನು ಕೇಳುತ್ತಾರೆ, ‘ಸಿಸ್ಟರ್, ಕೇಳಿದರೆ ಅವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳುತ್ತಾರೆ. ನಾವು ಎಲ್ಲಿಂದ ತರೋಣ?’ ಹೌದು, ಕೇಳುತ್ತಾರೆ. ಕೇಳಲೇಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದರೂ ತೀರಾ ಗಂಭೀರವಾದವರನ್ನು ಇವತ್ತಿಗೂ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಒಯ್ಯುತ್ತೇವೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಸೊಂಟ ಮುರಿದ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದವರಿಗೆ ಆ ಬೇಡಿಕೆಯ ಬೆಲೆ ಗೊತ್ತು. 2022ರಲ್ಲಿ ಜಿಲ್ಲೆಯ ಯುವಕರು ಇದಕ್ಕಾಗಿ ಎದ್ದು ನಿಂತರು, ಅದು ನ್ಯಾಯದ ಕೂಗು. ಆದರೆ ನಾನು ಹೋದ ಮನೆಗಳಲ್ಲಿ ಹಿರಿಯರು ಮೊದಲು ಕೇಳಿದ್ದು ಅದಲ್ಲ. ತೋಳಿರುವ ಕುರ್ಚಿ. ಬೀಗ ಇಲ್ಲದ, ಹಿಡಿಕೆ ಇರುವ ಕಕ್ಕಸು. ‘ಡಾಕ್ಟರು ಇವತ್ತು ರಜೆ’ ಅಂತ ಹಿಂದಿನ ದಿನವೇ ಒಂದು ಫೋನು. ಹೆಸರು ಕೂಗುವಾಗ ಒಂದು ಸಲ ಹತ್ತಿರ ಬಂದು ಕೂಗುವುದು. ಇಷ್ಟೇ. ಇವುಗಳಲ್ಲಿ ಯಾವುದಕ್ಕೂ ಬೆಂಗಳೂರಿನ ಆದೇಶ ಬೇಡ.

ಕೇಳಿದ ಮೇಲೆ ಒಂದು ಸಾಲ ನಮ್ಮ ಮೇಲಿರುತ್ತದೆ. ತಿರುಗಿ ಹೋಗಿ ಉತ್ತರ ಹೇಳಬೇಕು. ಆದದ್ದನ್ನೂ ಹೇಳಬೇಕು, ಆಗದ್ದನ್ನೂ ಯಾಕೆ ಆಗಲಿಲ್ಲ ಅಂತ ಹೇಳಬೇಕು. ಕೇಳಿ ಬರೆದುಕೊಂಡು ಹೋದವರು ಮತ್ತೆ ಬರಲೇ ಇಲ್ಲ ಅಂತಾದರೆ ಮುಂದಿನ ಸಲ ಅವರ ಬಾಯಿಂದ ‘ಎಲ್ಲ ಚೊಲೋ ಇದ್ದು’ ಬಿಟ್ಟು ಬೇರೆ ಬರುವುದಿಲ್ಲ. ಅವರ ಹತ್ತಿರ ಸಮಯವೂ ಜಾಸ್ತಿ ಇಲ್ಲ. ಆರು ತಿಂಗಳು ಬಿಟ್ಟು ಹೋಗೋಣ ಎಂದುಕೊಂಡ ಮನೆಗಳಲ್ಲಿ ಎರಡಕ್ಕೆ ನಾನು ಹೋಗುವಷ್ಟರಲ್ಲಿ ಅಜ್ಜಿಯರೇ ಇರಲಿಲ್ಲ.

ಆ 78ರ ಅಜ್ಜಿಯ ಮನೆಗೆ ನಾನು ಮತ್ತೆ ಹೋಗಿದ್ದೆ. ಆಸ್ಪತ್ರೆಯವರು ಓಪಿಡಿ, ಅಂದರೆ ಹೊರರೋಗಿಗಳನ್ನು ನೋಡುವ ವಿಭಾಗದ ಹತ್ತಿರದ ಕಕ್ಕಸಿನ ಬೀಗ ತೆಗೆದಿದ್ದರು. ಗೋಡೆಗೆ ಒಂದು ಹಿಡಿಕೆ ಹಾಕಿಸಿ, ಒಳಗೆ ಕಮೋಡ್ ಕೂರಿಸಿದ್ದರು. ಖಾಲಿ ಹೊಟ್ಟೆಯವರನ್ನು ಲ್ಯಾಬಿಗೆ ಮೊದಲು ಕರೆಯಲು ಶುರು ಮಾಡಿದ್ದರು. ಇದನ್ನೆಲ್ಲ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ‘ಹೌದು, ಕಳೆದ ಸಲ ಹೋದಾಗ ನೋಡಿದೆ. ಆ ದಿನ ಮಾತ್ರೆ ತಗೊಂಡೇ ಹೋಗಿದ್ದೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಲೆಯ ತೊಟ್ಟು ಮುರಿಯುತ್ತಾ ಹೇಳಿದರು, ‘ಆ ಹಿಡಿಕೆ ಇದೆಯಲ್ಲ ತಂಗಿ, ಅದನ್ನ ಎಡಗಡೆ ಹಾಕಿದ್ದಾರೆ. ನಂಗೆ ಶಕ್ತಿ ಇರೋದು ಬಲಗೈಯಲ್ಲಿ. ಆ ಕಡೆಗೂ ಒಂದು ಹಾಕಿಸೋಕೆ ಹೇಳು.’

ಬರೆದುಕೊಂಡು ಬಂದಿದ್ದೇನೆ. ಆ ಆಸ್ಪತ್ರೆಯವರು ಇವತ್ತು ಇಲ್ಲಿ ಕೂತಿದ್ದಾರೆ, ಚಾ ಕುಡಿಯುವಾಗ ಅವರ ಕೈಗೆ ಕೊಡುತ್ತೇನೆ.